ಲೈನು

ಮ್ಯಾನೇಜರು ಒಳ್ಳೆಯವರೇ. ಕುರ್ಚಿ ಎಳೆದುಕೊಟ್ಟರು,
ಫ್ಯಾನು ಒಂದು ಸುತ್ತು ಜಾಸ್ತಿ ಮಾಡಿದರು,
ಆಮೇಲೆ ಕೆಮ್ಮಿ ಹೇಳಿದರು:
"ಆರು ತಿಂಗಳು ಬೇರೆಯವರು ನೋಡಲಿ ವಾರಿಜಕ್ಕ,
ನಿಮ್ಮ ಲೈನು ಎಲ್ಲಿಗೂ ಹೋಗುವುದಿಲ್ಲ."

ಲೈನು ಹೋಗುವುದಿಲ್ಲ, ನಿಜ.
ಕಲ್ಸಂಕದಿಂದ ಸಿಟಿ ಬಸ್‌ಸ್ಟ್ಯಾಂಡು, ಅಲ್ಲಿಂದ ಸರ್ವಿಸು,
ಕೊನೆಗೆ ಮೀನು ಮಾರ್ಕೆಟ್ಟು,
ಅವೆಲ್ಲ ಇದ್ದಲ್ಲೇ ಇರುತ್ತವೆ.
ಹೋಗುವುದು ಜನ.
ಹದಿನಾಲ್ಕು ವರ್ಷ ಚಪ್ಪಲಿ ಸವೆಸಿ ಕೂಡಿಸಿದ
ನೂರಾ ಹನ್ನೆರಡು ಪಿಗ್ಮಿ ಖಾತೆ.
ಇನ್ನೊಂದು ಸೊಸೈಟಿಯ ಹುಡುಗ ಬೈಕಿನಲ್ಲಿ ಬರುತ್ತಾನೆ,
ಚೆಂದ ನಗುತ್ತಾನೆ, ಕ್ಯಾಲೆಂಡರು ಕೊಡುತ್ತಾನೆ.
ನೂರಕ್ಕೆ ಮೂರು ನನ್ನ ಕಮಿಷನ್ನು.
ರಜೆ ಎಂಬ ಕಾಲಮ್ಮು ಅದರಲ್ಲಿಲ್ಲ.

ಮಣಿಪಾಲದ ಡಾಕ್ಟರು ಸಣ್ಣ ಪ್ರಾಯದವಳು.
"ಮೊದಲು ಗಂಟು ಕರಗಬೇಕು, ಆಮೇಲೆ ಆಪರೇಷನ್" ಅಂದಳು.
ನನಗೆ ನಗು ಬಂತು.
ಗಂಟು ಕರಗದ ಹಾಗೆ ನೋಡಿಕೊಳ್ಳಿ ಎಂದೇ ಅಲ್ಲವೇ
ಇಷ್ಟು ವರ್ಷ ನಾನು ಅಂಗಡಿ ಅಂಗಡಿಗೆ ಹೇಳಿದ್ದು?
ದಿನಕ್ಕೆ ಇಷ್ಟೇ ಇಷ್ಟು ಎಂದು
ನನ್ನೊಳಗೂ ಯಾರೋ ಕಟ್ಟುತ್ತಿದ್ದರು,
ರಸೀದಿ ಕೊಡದೆ.

"ಕೆಲಸ ಮಾಡಬಹುದು, ಮಾಡದೆಯೂ ಇರಬಹುದು,
ದೇಹವನ್ನು ಕೇಳಿ ಅಮ್ಮ."
ಕೇಳಿದೆ.
ಮೊದಲ ವಾರ ಅದು ಬಚ್ಚಲಿನಲ್ಲಿ ಕೂತು ಉತ್ತರ ಕೊಟ್ಟಿತು.
ಎರಡನೇ ವಾರ ಬಿಳಿಕಣ ಇಳಿದು,
ಜನರ ನಡುವೆ ಹೋಗಬೇಡಿ, ನೋಟು ಮುಟ್ಟಬೇಡಿ ಎಂದರು.
ನೋಟು ಮುಟ್ಟದ ಪಿಗ್ಮಿಯವಳು!
ಬಾಚಣಿಗೆ ಕೂದಲನ್ನು ಹಿಡಿ ಹಿಡಿಯಾಗಿ ವಿತ್‌ಡ್ರಾ ಮಾಡಿತು.

ಮನೆಯಲ್ಲಿರು, ಗಂಜಿ ನಾನೇ ಬೇಯಿಸುತ್ತೇನೆ
ಎಂದರು ಇವರು. ಬೇಯಿಸಿದರು ಕೂಡ.
ಮನೆಗೆ ಬರುವವರು ಮೂಸಂಬಿ ತರುತ್ತಾರೆ,
ಎದೆಯ ಕಡೆ ನೋಡದ ಹಾಗೆ ನೋಡುತ್ತಾರೆ,
ಯಾರದೋ ಚಿಕ್ಕಮ್ಮನಿಗೂ ಹೀಗೇ ಆಗಿತ್ತು ಎಂದು ಶುರು ಮಾಡಿ
ನಡುವೆ ನಿಲ್ಲಿಸುತ್ತಾರೆ.
ಚಿಕ್ಕಮ್ಮನ ಕತೆ ಮುಗಿದದ್ದು ಹೇಗೆ ಎಂದು
ಮೂಸಂಬಿ ಸುಲಿಯುತ್ತ ನಾನೇ ಯೋಚಿಸಬೇಕು.

ಹದಿನಾರನೇ ದಿನ ಮಾಸ್ಕು ಹಾಕಿ, ಶಾಲು ಬಿಗಿದು,
ಮೆಷಿನ್ನು ಚೀಲಕ್ಕೆ ಹಾಕಿ ಹೊರಟೆ.
ಶರಬತ್ತಿನ ಅಂಗಡಿಯವರು ನೋಟನ್ನು
ಕೈಗೆ ಕೊಡದೆ ಗಾಜಿನ ಮೇಲೆ ದೂಡಿದರು.
ಬಳೆ ಅಂಗಡಿಯವರು ಖಾತೆ ಮುಚ್ಚುತ್ತೇನೆ ಎಂದರು,
ಮಗಳ ಮದುವೆಯಂತೆ.
ಮಗಳಿಗೆ ಹನ್ನೊಂದು ವರ್ಷ.
ವಾಚು ರಿಪೇರಿಯ ವಿನ್ಸೆಂಟರು ಕಣ್ಣಿನ ಭೂತಗನ್ನಡಿ ತೆಗೆಯಲೂ ಇಲ್ಲ.
ಐವತ್ತರ ಬದಲು ನೂರು ಕೊಟ್ಟು
"ಉಳಿದದ್ದು ನಾಳೆ ಕೊಡಿ" ಎಂದರು.

ಮಾರ್ಕೆಟ್ಟಿನ ಬಾಗಿಲಲ್ಲೇ ಹೊಟ್ಟೆ ತೊಳಸಿತು.
ಬಂಗುಡೆಯ ವಾಸನೆ ನನಗೆ ಎಂದಾದರೂ ಹೀಗೆ ಆದದ್ದುಂಟೇ!
ದೂರದಿಂದಲೇ ಬೇಬಿಯಕ್ಕ ಕೂಗಿದಳು,
"ಎಲ್ಲಿ ಸತ್ತು ಹೋಗಿದ್ದಿ ಮಾರಾಯ್ತಿ?"
ಗೊತ್ತಿಲ್ಲದೆ ಕೇಳಿದಳೋ, ಗೊತ್ತಿದ್ದೇ ಕೇಳಿದಳೋ.
ಅಕ್ಕಪಕ್ಕದವರು ಕತ್ತಿ ಹಿಡಿದಲ್ಲೇ ಸುಮ್ಮನಾದರು.
ಬುಟ್ಟಿಯ ಅಡಿಯಿಂದ ಒಂದು ತೊಟ್ಟೆ ಎಳೆದು ಕೊಟ್ಟಳು:
ಸಾವಿರದ ಐನೂರು,
ಮೀನಿನ ನೀರಿನಲ್ಲಿ ನೆನೆದು ಒಂದಕ್ಕೊಂದು ಅಂಟಿದ ನೋಟು.
"ನೀನು ಬಾರದ ದಿನದ್ದು. ಹದಿನೈದು ದಿನದ ಬಡ್ಡಿ ಹೋಯಿತು ನನ್ನದು,
ನಿನ್ನ ಅಪ್ಪ ಕೊಡುತ್ತಾನಾ?"

ಮಾಸ್ಕಿನೊಳಗೆ ನಕ್ಕೆನೋ ಅತ್ತೆನೋ,
ಒದ್ದೆಯಾದದ್ದು ಮಾತ್ರ ನಿಜ.

ಈಗ ರಾತ್ರಿ. ನೋಟುಗಳು ಫ್ಯಾನಿನ ಕೆಳಗೆ ಒಣಗುತ್ತಿವೆ.
ಕಾಲು ಊದಿದೆ. ನಾಲಗೆಗೆ ತಗಡಿನ ರುಚಿ.
ಬಿಟ್ಟರೆ ಸುಖವೋ, ಹಿಡಿದರೆ ಸುಖವೋ ಇನ್ನೂ ತಿಳಿದಿಲ್ಲ.
ಇಪ್ಪತ್ತೊಂದು ದಿನದಲ್ಲಿ ಆರು ದಿನ ನನ್ನದು,
ಹದಿನೈದು ನಾದಿನಿಯ ಮಗಳದು, ಕಮಿಷನ್ನು ಅರ್ಧರ್ಧ
ಎಂದೊಂದು ಲೆಕ್ಕ ಹಾಕಿದೆ. ಹೊಡೆದು ಹಾಕಿದೆ. ಮತ್ತೆ ಹಾಕಿದೆ.
ಮ್ಯಾನೇಜರ ಫಾರಮಿನಲ್ಲಿ
'ಎಷ್ಟು ದಿನ' ಎಂಬ ಮನೆ ಹಾಗೇ ಖಾಲಿ ಇದೆ.

ನಾಳೆ ಹದಿನೇಳು.
ವಿನ್ಸೆಂಟರಿಗೆ ಐವತ್ತು ಕೊಡಲಿಕ್ಕುಂಟು.